ಕೆಂಪು ದಾರದ ಪಟ್ಟಿ

ಸಿಲ್ವಾಸಾ
10 ಜೂನ್ 2024

ಆತ್ಯಾ,

ನಿಮ್ಮ ಪಾದಕ್ಕ ಹಣಿ ಹಚ್ಚಿ ಬರಿಯಾಕತ್ತೀನಿ. ಫೋನ್ ಮಾಡಿದ್ರ ನೀವು ಬರೇ "ಹಾಂ? ಹಾಂ?" ಅಂತೀರಿ. ಮಾಧವನಗರದ ಮಗ್ಗದ ಗದ್ದಲದಾಗ ಹೋದ ಕಿವಿ, ಯಾರ ಏನ ಮಾಡಬೇಕು. ಅದಕ ಕಾಗದ. ಕನ್ನಡ ಅಕ್ಷರ ನೀವ ಪಾಟಿ ಮ್ಯಾಲ ಕಲಿಸಿದ್ದು, ಸಾಲಿ ಕಲ್ತಿದ್ದೆಲ್ಲಾ ಮರಾಠಿ. ಮಾತಾಡಿದಂಗ ಬರೀತೀನಿ, ತಪ್ಪಿದ್ರ ನಗಬ್ಯಾಡ್ರಿ.

ನಿಮ್ಮಿಂದ ಒಂದು ಕೆಲಸ ಆಗಬೇಕು. ಮಿರಜದಾಗ ನಮ್ಮ ಕಂಪನಿ ಏಜಂಟ್ ಗಜಾನನ ಅಂತ ಅದಾರ. ಅವರು ಎರಡು ಕಾರ್ಪೆಟ್ ಪಟ್ಟಿ ತಂದು ಕೊಡ್ತಾರ. ಬೀರೋಬಾನ ಗುಡಿ ಮುಂದಿನ ಸಮಾಜ ಮಂದಿರದ ಕೀಲಿ ನಿಮ್ಮ ಕಡೇನ ಐತಲ್ಲ, ಅದರ ಬಾಗಲದಾಗ ಎರಡನ್ನೂ ಬಾಜೂಬಾಜೂಕ ಹಾಸ್ರಿ. ಭಾನುವಾರ ಅಷ್ಟು ಮಂದಿ ತುಳಿಯೂ ಜಾಗಾ ನನಗ ಬ್ಯಾರೆ ಎಲ್ಲೂ ಹೊಳೀಲಿಲ್ಲ.

ಇದೇನು ಅಂತ ಹೇಳ್ತೀನಿ. ಕಾರ್ಪೆಟ್ಟಿನ ನೈಲಾನ್ ಎಳಿ ಇಷ್ಟು ವರ್ಷ ದುಂಡಗ ಮಾಡತಿದ್ರು. ಪೇಪರ್ ಮ್ಯಾಲ ನೀರಿನ ಹನಿ ಬಿದ್ರ ಕೆಳಗಿನ ಅಕ್ಷರ ದೊಡ್ಡದಾಗಿ ಕಾಣತೈತಲ್ಲ, ದುಂಡ ಎಳಿ ಹಿಂದಿನ ಧೂಳೂ ಹಂಗ ದೊಡ್ಡದಾಗಿ ಕಾಣತೈತಿ. ನಾ ಎಳೀನ ಮೂರು ಎಸಳ ಮಾಡೀನಿ. ಅಡ್ಡ ಕೊಯ್ದು ಮೈಕ್ರೋಸ್ಕೋಪಿನ್ಯಾಗ ನೋಡಿದ್ರ ಥೇಟ್ ಬಿಲ್ವಪತ್ರಿ. ಬೆಳಕು ಅದರ ಮ್ಯಾಲ ಬಿದ್ದು ಚದರಿ ಹೋಗತೈತಿ, ಧೂಳ ಇದ್ರೂ ಕಣ್ಣಿಗಿ ಬೀಳೂದಿಲ್ಲ. ತುಳಿದ್ರ ಮಲಗೂದಿಲ್ಲ, ಮತ್ತ ಎದ್ದು ನಿಲ್ಲತೈತಿ. ಬೂದಿ, ಕರಿ, ಕಂದು ಮೂರೂ ಬಣ್ಣ ಕೂಡಿಸೀನಿ.

ನೇಮ ಏನಂದ್ರ, ಮೂರು ತಿಂಗಳ ನೀರ ಮುಟ್ಟಿಸಬಾರದು. ಕಸಬರಿಗಿ ಅಷ್ಟ, ಎರಡಕ್ಕೂ ಒಂದ ನಮೂನಿ. ಹದಿನೈದು ದಿನಕ್ಕೊಮ್ಮಿ ಮಂಗಳವಾರ ಗಜಾನನ ಬಂದು ಫೋಟೋ ತಗೀತಾರ. ಯಾವುದು ಹಳೇ ಎಳಿ, ಯಾವುದು ಹೊಸಾದು ಅಂತ ಇಟಗೊಂಡಾವರಿಗಿ ಹೇಳಬಾರದು ಅಂತನೂ ನೇಮ ಐತಿ. ಆದ್ರ ನಿಮಗ ಹೇಳದ ಹೆಂಗ ಇರ್ಲಿ? ಅಂಚಿಗಿ ಕೆಂಪು ದಾರ ಇದ್ದದ್ದು ನಂದು.

ಇದು ಪಾಸಾದ್ರ ನನ್ನ ಕೆಲಸ ಕಾಯಂ ಆಗತೈತಿ. ಡಿಸೈನ್ ರೂಮಿನ್ಯಾಗ ಹನ್ನೊಂದು ಮಂದಿ, ಹೆಣ್ಣಮಗಳು ನಾ ಒಬ್ಬಾಕಿ. ನಾಕು ವರ್ಷದಾಗ ನನ್ನ ಹೆಸರಿನ ಒಂದೂ ಎಳಿ ಮಾರ್ಕೆಟಿಗಿ ಹೋಗಿಲ್ಲ. "ಇದೂ ಬಿದ್ರ ನಿಮ್ಮನ್ನ ಪ್ಯಾಕಿಂಗಿಗಿ ಕಳಸಬೇಕಾಗತೈತಿ" ಅಂದ್ರು ನಮ್ಮ ಸಾಹೇಬ ಭೂಪಾಲ ಸರ್. ನಗತ ಅಂದ್ರು, ಆದ್ರ ಖರೇನ ಅಂದ್ರು.

ನಿಮ್ಮ,
ಛಾಯಾ


ಮಾಲಗಾಂವ
23 ಜೂನ್ 2024

ಛಾಯವ್ವಾ,

ಕಾಗದ ಬಂತು, ಪಟ್ಟಿನೂ ಬಂದ್ವು. ನಕ್ಕೆ ಅಂದ್ರ ಸಿಟ್ಟಾಗಬ್ಯಾಡ. ಇಷ್ಟು ಓದಿ, ಅಷ್ಟು ದೂರ ಹೋಗಿ, ಧೂಳಿನ ಬಣ್ಣದ ಸತರಂಜಿ ಮಾಡಿ ಕಳಿಸಿದೆಲ್ಲ! ಪೂಜಾರಿ ಶಿವಲಿಂಗಪ್ಪ ಎರಡ ಸಲ ಕಾಲಿಲೆ ತಿಕ್ಕಿ ನೋಡಿ, "ಮಾಯವ್ವಾ, ಇದು ಹೊಸಾದೋ ಹಳೇದೋ?" ಅಂತ ಕೇಳಿದ. ನನ್ನ ತಮ್ಮನ ಮಗಳು ಇಂಜಿನಿಯರ ಅದಾಳ, ಅಕಿ ಮಾಡಿದ್ದು, ನಿನಗೇನ ತಿಳೀತೈತಿ ಅಂತ ಬಾಯಿ ಮುಚ್ಚಿಸೀನಿ.

ನೀ ಹೇಳಿದಂಗ ಬಾಗಲದಾಗ ಹಾಸೀನಿ. ಒಂದ ಮಾತ ನನಗ ತಿಳೀವಲ್ದು. ಹೊಲಸ ಕಾಣೂದಿಲ್ಲ ಅಂತಿ. ಕಾಣದಿದ್ರ ಹೋತೇನು? ಒಳಗ ಇದ್ದ ಇರತೈತಲ್ಲ? ಇರ್ಲಿ, ನಿಮ್ಮ ಕಾರಖಾನಿ ಮಂದಿಗಿ ಅದ ಬೇಕಾದ್ರ ನನಗ್ಯಾಕ.

ಇವತ್ತ ಭಾನುವಾರ. ಮಂದಿ ಸಿಕ್ಕಾಪಟ್ಟಿ ಬಂದಿದ್ರು. ದೇವರಿಗಿ ಹಾರಿಸಿದ ಭಂಡಾರ ಎಲ್ಲಾರ ಕಾಲಿಗಿ ಹತ್ತಿ ನಿನ್ನ ಪಟ್ಟಿ ಮ್ಯಾಲ ಅರಿಶಿಣಾನ ಅರಿಶಿಣ. ಕುರಿ ಮೇಸಾವ್ರ ಚಪ್ಪಲಿಯಾಗ ಹಿಕ್ಕಿ ಬ್ಯಾರೆ. ನಮ್ಮ ಓಣಿ ತ್ರಿಶಲಾನ ಅತ್ತಿ ಸೀರಿ ಎತ್ತಿ ಹಿಡಕೊಂಡು ದಾಟಿದಳು, ನೋಡಿ ನನ್ನ ಹೊಟ್ಟಿ ಉರೀತು. ಅಕಿ ಮನಿ ಪಡಸಾಲಿ ಏನ ಭಾಳ ಸ್ವಚ್ಛ ಐತೇನು?

ಕಸಬರಿಗಿ ಹೊಡೆದೀನಿ. ಊಟ ಬರೋಬ್ಬರಿ ಮಾಡು.

ನಿನ್ನ ಆತ್ಯಾ,
ಮಾಯವ್ವ


ಸಿಲ್ವಾಸಾ
14 ಆಗಸ್ಟ್ 2024

ಆತ್ಯಾ,

ಮೊದಲ ಕುಂದ್ರಿ, ಕುಂತು ಓದ್ರಿ. ಮೂರು ಸಲದ ಫೋಟೋ ಗ್ವಾಡಿಗಿ ಹಚ್ಚೀವಿ. ದುಂಡ ಎಳಿ ಪಟ್ಟಿ ನೋಡಾಕ ಆಗವಲ್ದು. ಹಳದಿ, ಕರೀದು, ಎಣ್ಣಿ ಕಲಿ, ಎಲ್ಲಾ. ನಂದು ನಿನ್ನೆ ಹಾಸಿದಂಗ ಐತಿ! ಯಾವುದು ಯಾರದು ಅಂತ ಗೊತ್ತಿಲ್ಲದ ಐದು ಮಂದಿಗಿ ತೋರಿಸಿ ಮಾರ್ಕ್ಸ್ ಹಾಕಸ್ತಾರ ಇಲ್ಲಿ. ಐದೂ ಮಂದಿ ಕೆಂಪು ದಾರದ್ದಕ್ಕ ಪೂರಾ ಮಾರ್ಕ್ಸ್ ಕೊಟ್ಟಾರ. ಭೂಪಾಲ ಸರ್ ಎಲ್ಲಾರ ಮುಂದ ನನ್ನ ಹೆಸರ ತಗೊಂಡ್ರು. ಪ್ರೇರಣಾ ಅಂತ ನನ್ನ ರೂಮಿನಾಕಿ ಪೇಢೆ ತಂದಿದ್ಳು.

ಧೂಳ ಮುಚ್ಚತೈತಿ ಅಂತ ನನಗ ಖಾತ್ರಿ ಇತ್ತು. ಆದ್ರ ಹಳದಿ? ನೈಲಾನಿಗಿ ಹಳದಿ ಹತ್ತಿದ್ರ ಬಿಡೂದಿಲ್ಲ. ಎಳಿ ಆಕಾರಕ್ಕೂ ಹಳದಿ ಕಲಿಗೂ ಏನ ಸಂಬಂಧ, ನನಗ ತಿಳೀವಲ್ದು. ಸರ್‌ಗೆ ಅಂದೆ. "ತಿಳೀದಿದ್ರೂ ನಡೀತೈತಿ, ಫೋಟೋ ಮಾತಾಡತಾವು" ಅಂದ್ರು.

ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಬರೇ ಕಸಬರಿಗೀನ ಹೌದಲ್ರಿ? ಜುಲೈ ಮೂವತ್ತರ ಫೋಟೋ ಇಲ್ಲ. ಆವತ್ತ ಬಾಗಲಕ್ಕ ಕೀಲಿ ಇತ್ತು ಅಂತಾರ ಗಜಾನನ.

ನಿಮ್ಮ,
ಛಾಯಾ


ಮಾಲಗಾಂವ
25 ಆಗಸ್ಟ್ 2024

ಛಾಯವ್ವಾ,

ಕಸಬರಿಗಿ ಹೊಡೀತೀನಿ. ದಿನಾ ಹೊಡೀತೀನಿ. ಆವತ್ತ ಮಳಿ ಇತ್ತು, ಕೀಲಿ ಶಿವಲಿಂಗಪ್ಪನ ಕಡೆ ಇತ್ತು.

ಪೇಢೆ ಹಂಚಿದ್ದು ಕೇಳಿ ಭಾಳ ಖುಷಿ ಆತು. ಈ ಫೋಟೋ ಇನ್ನ ಎಷ್ಟ ದಿವಸ ಅದಾವು? ಕೆಲಸ ಕಾಯಂ ಆಗೂದು ಯಾವಾಗ? ಲಗೂನ ಆಗ್ಲಿ. ಕೈಯಾಗ ಕೆಲಸ ಐತಿ, ಅದಕ ಸಣ್ಣ ಕಾಗದ.

ಮಾಯವ್ವ


ಸಿಲ್ವಾಸಾ
4 ಅಕ್ಟೋಬರ್ 2024

ಆತ್ಯಾ,

ಆತು! ಪಾಸಾತು! ಕಾಯಂ ಪತ್ರ ಕೈಯಾಗ ಹಿಡಕೊಂಡ ಬರಿಯಾಕತ್ತೀನಿ. ಈಗ ಎಳಿಗಿ ನನ್ನ ಹೆಸರ ಐತಿ. ಕಂಪನಿ ಜಾಹೀರಾತಿನ್ಯಾಗ ಮಾಲಗಾಂವ ಅಂತ ಊರ ಹೆಸರೂ ಹಾಕ್ಯಾರ: "ಮೂರು ತಿಂಗಳು, ಸಾವಿರಾರು ಮಂದಿ, ಬರೇ ಕಸಬರಿಗಿ. ಹಳದಿಗೂ ಹೆದರೂದಿಲ್ಲ."

ಮೊದಲ ಆರ್ಡರ್ ಎಲ್ಲಿಂದ ಅಂತೀರಿ? ನಮ್ಮ ಸಾಂಗ್ಲಿಯಿಂದ! ಒಂದು ಸಂಸ್ಥಾದವರು ಹೊಸಾ ಸಭಾಗೃಹ ಕಟ್ಟಸ್ಯಾರ, ಏಳನೂರು ಖುರ್ಚಿ. ನಡುವಿನ ದಾರಿ, ಸ್ಟೇಜಿನ ಮುಂದಿನ ಜಾಗಾ, ಎಲ್ಲಾ ನನ್ನ ಎಳಿ. ದೀಪಾವಳಿಕಿಂತ ಮೊದಲ ಹಾಸ್ತಾರ. ನೀವೂ ಒಮ್ಮಿ ಹೋಗಿ ಕುಂತ ಬರ್ರಿ, ನನ್ನ ಆತ್ಯಾನ ದಯಾದಿಂದ ಆಗಿದ್ದು.

ದಸರಾಕ್ಕ ಒಂದು ಸೀರಿ ಕಳಿಸೀನಿ. ಹಸರಂದು.

ನಿಮ್ಮ,
ಛಾಯಾ


ಮಾಲಗಾಂವ
20 ಅಕ್ಟೋಬರ್ 2024

ಛಾಯವ್ವಾ,

ಸೀರಿ ಬಂತು. ಉಟ್ಟಿಲ್ಲ. ಉಡೂ ಮುಖ ಇಲ್ಲ ನನಗ. ಎಂಟ ದಿನ ಆತು, ಈ ಕಾಗದ ಬರದು ಹರದು, ಬರದು ಹರದು ಮಾಡಾಕತ್ತೀನಿ.

ನಾ ತೊಳದೀನಿ ಛಾಯಾ. ನಿನ್ನ ಪಟ್ಟಿ ನಾ ತೊಳದೀನಿ. ಒಂದ ಸಲ ಅಲ್ಲ, ವಾರಕ್ಕೊಮ್ಮಿ.

ಮೊದಲನೇ ಭಾನುವಾರ ತ್ರಿಶಲಾನ ಅತ್ತಿ ಸೀರಿ ಎತ್ತಿ ದಾಟಿದ್ದು ಬರದಿದ್ನೆಲ್ಲ, ಹೋಗತ ಏನ ಅಂದ್ಳು ಅನ್ನೂದು ಬರದಿರಲಿಲ್ಲ. "ಛಾಯಾನ ಕಾರಖಾನಿ ಸತರಂಜಿ ನಮ್ಮ ದನದ ಕೊಟ್ಟಿಗಿಗಿ ಛಲೋ ಆಗತೈತಿ" ಅಂದ್ಳು. ಹತ್ತು ಮಂದಿ ನಕ್ಕರು. ನನಗ ಬ್ಯಾರೆ ಮಾತ ಕೇಳಸೂದಿಲ್ಲ, ಇಂಥಾ ಮಾತ ಮಾತ್ರ ಬರೋಬ್ಬರಿ ಕೇಳಸತೈತಿ. ಮರುದಿನ ಸೋಮವಾರ ಮಂದಿರ ಮುಚ್ಚಿರತೈತಿ. ಕಂಬಳಿ ತೊಳಿಯೂ ಅಂಟವಾಳ ಕಾಯಿ ನೆನಿಹಾಕಿ, ನೊರಿ ಮಾಡಿ, ಮೆಲ್ಲಕ ತಿಕ್ಕಿ ತೊಳದೆ. ಹಿಕ್ಕಿ, ಎಣ್ಣಿ, ಎಲ್ಲಾ ಹೋತು. ಅರಿಶಿಣ ಹೋಗಲಿಲ್ಲ. ಅದಕ ಮಾಳಿಗಿ ಮ್ಯಾಲ ಬಿಸಿಲಿಗಿ ಹರವಿದೆ. ಅರಿಶಿಣದ ಕಲಿ ಬಿಸಿಲಿಗಿ ಹಾರತೈತಿ ಅನ್ನೂದು ಸಾಂಗ್ಲಿ ಕಡೆ ಹೆಣ್ಣಮಕ್ಕಳಿಗಿ ಯಾರೂ ಕಲಸಬೇಕಾಗಿಲ್ಲ. ನಿನಗೂ ಗೊತ್ತಿತ್ತು, ನೆನಪಾಗಲಿಲ್ಲ ನಿನಗ.

ಬರೇ ಆ ಒಂದ ಸಲ ಅಂತ ಮಾಡಿದೆ. ಮುಂದಿನ ವಾರ ಮತ್ತ ಹೊಲಸಾತು. ಹೋದ ಸಲ ಅಷ್ಟು ಸ್ವಚ್ಛ ಇತ್ತು, ಈ ಸಲ ಹಿಂಗ್ಯಾಕ ಅಂತ ಗಜಾನನ ಕೇಳ್ತಾನ ಅಂತ ಮತ್ತ ತೊಳದೆ. ಆಷಾಢದಾಗ ಮಳಿ ಬಿಡವಲ್ದು. ಪಟ್ಟಿ ಹಸೀ ಹಸೀ ನಮ್ಮ ಪಡಸಾಲ್ಯಾಗ ಇತ್ತು, ಅಂವಾ ಬಂದು ಬಾಗಲ ಬಡದ. ಕೀಲಿ ಶಿವಲಿಂಗಪ್ಪನ ಕಡೆ ಐತಿ ಅಂತ ಹಸಿ ಸುಳ್ಳ ಹೇಳಿ ಕಳಿಸಿದೆ.

ಇನ್ನೊಂದ ಪಟ್ಟಿ ನಾ ಮುಟ್ಟಲಿಲ್ಲ. ಅದು ನಿಂದಲ್ಲ ಅಂತ ನೀನ ಬರದಿದ್ದಿ. ಮಂದೀದು ಹೊಲಸಾದ್ರ ನನಗೇನು ಅಂತ ಬಿಟ್ಟೆ. ನೀ ಹೇಳದ ಇದ್ದಿದ್ರ ಎರಡೂ ತೊಳಿತಿದ್ದೆ, ಇಲ್ಲಾ ಎರಡೂ ಬಿಡತಿದ್ದೆ. ನಿನ್ನ ಮ್ಯಾಲ ಹಾಕಾಕ ಅಂತ ಇದನ್ನ ಬರೀಲಾಕತ್ತಿಲ್ಲ. ತಪ್ಪ ನಂದು.

ನಿಮ್ಮ ಸಾಹೇಬಗ ಹೇಳು. ಬೇಕಾದ್ರ ನಾ ರೈಲು ಹತ್ತಿ ಅಲ್ಲಿಗಿ ಬಂದು ಹೇಳ್ತೀನಿ. ಒಬ್ಬ ಹುಚ್ಚ ಮುದುಕಿ ಕೆಡಿಸಿದಳು ಅನ್ಲಿ.

ಮಾಯವ್ವ


ಸಿಲ್ವಾಸಾ
3 ನವೆಂಬರ್ 2024

ಆತ್ಯಾ,

ಯಾರಿಗೂ ಹೇಳಬ್ಯಾಡ್ರಿ.

ಸಭಾಗೃಹದಾಗ ಹಾಸಿ ಆಗೈತಿ. ಧೂಳಿನ ಮಾತು ಸುಳ್ಳಲ್ಲ, ಧೂಳ ಖರೇನ ಮುಚ್ಚತೈತಿ, ಅದನ್ನ ನಾವು ಮಶೀನಿನ್ಯಾಗೂ ನೋಡೀವಿ. ಸುಳ್ಳಾಗಿದ್ದು ಹಳದೀದು ಒಂದ. ನಾಟಕ, ಭಾಷಣ ನಡಿಯೂ ಜಾಗಾದಾಗ ಹಳದಿ ಯಾರ ಚೆಲ್ತಾರ? ಅದರ ಮ್ಯಾಲ ಇದೆಲ್ಲಾ ಈಗ ಹೇಳಿದ್ರ ಮೊದಲ ಕೇಳೂದು ನನ್ನನ್ನ. ಯಾವುದು ನಂದು ಅಂತ ನಿಮಗ ಹೆಂಗ ಗೊತ್ತಾತು ಅಂತ ಕೇಳ್ತಾರ.

ಸೀರಿ ಉಡ್ರಿ. ನನಗ ಸಿಟ್ಟಿಲ್ಲ.

ಛಾಯಾ


ಮಾಲಗಾಂವ
1 ಫೆಬ್ರುವರಿ 2025

ಛಾಯವ್ವಾ,

ಮೂರು ತಿಂಗಳ ನೀ ಬರೀಲಿಲ್ಲ, ನಾನೂ ಬರೀಲಿಲ್ಲ. ಈಗ ಬರೀದ ಇರಾಕ ಆಗವಲ್ದು.

ನಿನ್ನೆ ಮಧ್ಯಾಹ್ನ ಒಬ್ಬ ಹೆಣ್ಣಮಗಳು ಬಸ್ಸಿಳದು ಮಂದಿರ ಹುಡಕೋತ ಬಂದ್ಳು. ಹೌಸಾಬಾಯಿ ಅಂತ. ಐವತ್ತರ ಮ್ಯಾಲ ವಯಸ್ಸ. ಅಥಣಿ ಕಡೆಯಾಕಿ, ಮಿರಜದಾಗ ಇರ್ತಾಳ. ಗಂಡ ಧರೆಪ್ಪ ಸಾಂಗ್ಲಿ ಅಡತಿಯಾಗ ಅರಿಶಿಣದ ಚೀಲ ಹೊರ್ತಾನ. ಇಕಿ ನಿನ್ನ ಸತರಂಜಿ ಹಾಸಿದ ಸಭಾಗೃಹದಾಗ ಕಸಾ ಹೊಡೀತಾಳ. ಕನ್ನಡ ಮಾತಾಡೂ ಮಂದಿ ಸಿಕ್ಕರಲ್ಲ ಅಂತ ಅಕಿಗಿ ಅರ್ಧ ಜೀವ ಬಂದಂಗಾತು.

ಹೋದ ಭಾನುವಾರ ಅಲ್ಲಿ ಹೆಣ್ಣಮಕ್ಕಳ ಹಳದಿ-ಕುಂಕುಮ ಇತ್ತಂತ. ಐನೂರು ಮಂದಿ. ಹಳದಿ ತಾಟ ಒಂದು ಮಗಚಿ ಬಿತ್ತು, ತುಳದಾಡಿ ನಡುವಿನ ದಾರೀತನಕ ಹೋತು. ಗುತ್ತಿಗೆದಾರ ಕೊಟ್ಟ ಪುಡಿ ಹಾಕಿ ಬಿಸಿನೀರಿಲೆ ತಿಕ್ಕ್ಯಾಳ, ಕಲಿ ಮತ್ತಷ್ಟು ಹತ್ತಿ ಕುಂತೈತಿ. ಸಂಸ್ಥಾದವರು ನಿಮ್ಮ ಜಾಹೀರಾತಿನ ಹಾಳಿ ಅಕಿ ಮಾರಿ ಮುಂದ ಹಿಡದು, "ಮಾಲಗಾಂವದಾಗ ಬರೇ ಕಸಬರಿಗೀಲೆ ಹೋಗೈತಿ, ನಿನ್ನ ಕೈಯಾಗ್ಯಾಕ ಹೋಗವಲ್ದು?" ಅಂದಾರ. ಅದಕ ಇಕಿ ನನ್ನ ಹುಡಕೋತ ಬಂದಾಳ.

"ಅಕ್ಕಾರ, ನೀವು ಹೆಂಗ ಮಾಡ್ತೀರಿ, ಒಂದಿಷ್ಟು ತೋರಿಸ್ರಿ. ಮೂವತ್ತು ವರ್ಷ ಆತು ಕಸಾ ಹೊಡಿಯಾಕತ್ತು, ಹಿಂಗ ಎಂದೂ ಆಗಿಲ್ಲ. ನನ್ನ ಕೈನ ಕೆಟ್ಟಾವೇನೋ" ಅಂದ್ಳು. ಎರಡೂ ಅಂಗೈ ಹಿಂಗ ಚಾಚಿ ತೋರಿಸಿದಳು. ಪುಡಿ ತಿಂದು ಬೆರಳಿನ ಸಂದಿ ಕೆಂಪಗಾಗಿದ್ವು.

ಬಾಯಾಗ ಮಾತು ಬಂದಿತ್ತು. ಯಾರಿಗೂ ಹೇಳಬ್ಯಾಡ್ರಿ ಅಂತ ನೀ ಬರದದ್ದು ನೆನಪಾತು. "ಬರೇ ಕಸಬರಿಗಿ ಯವ್ವಾ" ಅಂದೆ. ಅಕಿ ನನ್ನ ಕಸಬರಿಗಿ ಕೈಯಾಗ ತಗೊಂಡು, ಹೊಳ್ಳಿಸಿ ಮಳ್ಳಿಸಿ ನೋಡಿದಳು. ನಾಕು ಸಲ ಹೊಡದು ನೋಡಿದಳು. ಚಹಾ ಕುಡದು, ನನ್ನ ಕಾಲಿಗಿ ಬಿದ್ದು ಹೋದಳು. ನನ್ನ ಕಾಲಿಗಿ ಬಿದ್ದಳು ಛಾಯಾ, ನಾ ಅಂಥಾ ಸುಳ್ಳ ಹೇಳಿದ ಮ್ಯಾಲ!

ಏನರ ಮಾಡು.

ಮಾಯವ್ವ


ಮಾಲಗಾಂವ
10 ಮಾರ್ಚ್ 2025

ಛಾಯಾ,

ಹೌಸಾಬಾಯಿನ್ನ ಕೆಲಸದಿಂದ ತಗದಾರ. ಗಜಾನನ ಹೇಳಿದ. ಕಂಪನಿಯಿಂದ ಯಾರೋ ಬಂದು ನೋಡಿ, ತಪ್ಪ ಅಕೀದ ಅಂತ ಬರದು ಕೊಟ್ಟ ಹೋದರಂತ.

ಯಾರ ಬಂದಿದ್ರು?

ಮಾಯವ್ವ


ಸಿಲ್ವಾಸಾ
17 ಮಾರ್ಚ್ 2025

ಆತ್ಯಾ,

ನಾನ ಬಂದಿದ್ದೆ.

ಫೆಬ್ರುವರಿ ಹನ್ನೆರಡಕ್ಕ ಸಾಂಗ್ಲಿಗಿ ಬಂದು, ಲಾಜಿನ್ಯಾಗ ಇಳದು, ಮರುದಿನ ಹೊಳ್ಳಿ ಹೋದೆ. ಮಾಲಗಾಂವಕ್ಕ ಅರ್ಧಾ ತಾಸಿನ ಹಾದಿ, ನಿಮ್ಮ ಕಡೆ ಬರಲಿಲ್ಲ. ನಿಮ್ಮ ಕಾಗದ ನನ್ನ ಚೀಲದಾಗ ಇತ್ತು. ಅದನ್ನ ಓದಿ ಬಂದಿದ್ದೆ. ಅಕಿ ಹೆಸರು, ಊರು, ಗಂಡನ ಕೆಲಸ, ಎಲ್ಲಾ ಗೊತ್ತಿದ್ದು ಬಂದಿದ್ದೆ.

ಬಂದಾಗ ಖರೇ ಹೇಳಬೇಕು ಅಂತನ ಇತ್ತು. ರೈಲಿನ್ಯಾಗ ಮನಸ್ಸಿನೊಳಗ ಹತ್ತು ಸಲ ಹೇಳಿಕೊಂಡೆ. ಸಭಾಗೃಹದಾಗ ಹೋಗಿ ನಿಂತರ ಸಂಸ್ಥಾದ ಮೂವರು, ಗುತ್ತಿಗೆದಾರ, ಭೂಪಾಲ ಸರ್, ಎಲ್ಲಾರೂ ನನ್ನ ಬಾಯಿನ ನೋಡಾಕತ್ತಿದ್ರು. ಭೂಪಾಲ ಸರ್, "ಇವರ ಇದನ್ನ ಡಿಸೈನ್ ಮಾಡಿದವರು" ಅಂತ ಗುರ್ತು ಹೇಳಿದ್ರು. ನನಗ ಖುರ್ಚಿ ಕೊಟ್ರು. ಅಕಿ ಕಸಬರಿಗಿ ಹಿಡಕೊಂಡು ಕಂಬದ ಬಾಜೂಕ ನಿಂತಿದ್ಳು. ಯಾವ ಪುಡಿ ಹಾಕಿದ್ರಿ ಅಂತ ನಾ ಮರಾಠಿಯಾಗ ಕೇಳಿದೆ. ನಾ ಕನ್ನಡದಾಕಿ ಅಂತ ತೋರಿಸಗೊಡಲಿಲ್ಲ. ಅಕಿ ಓಡಿ ಹೋಗಿ ಪುಡಿ ಕಟ್ಟಿದ ಪುಡಕಿ ತಂದು ತೋರಿಸಿದಳು. ಗುತ್ತಿಗೆದಾರ ತಾನ ಕೊಟ್ಟಿದ್ದ ಪುಡಿ ಅದು, ಅಂವಾ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಅಲ್ಲೇ ಕುಂತು ಬರದೆ: "ತಪ್ಪು ಪುಡಿ ಮತ್ತು ಬಿಸಿನೀರು ಬಳಸಿದ್ದರಿಂದ ಕಲೆ ಸೇರಿಕೊಂಡಿದೆ. ಕೆಲಸಗಾರರ ತಪ್ಪು. ಎಳೆಯಲ್ಲಿ ದೋಷವಿಲ್ಲ." ಸಹಿ ಮಾಡಿದೆ.

ಬಿಸಿನೀರಿನ ಮಾತು ಸುಳ್ಳಲ್ಲ ಅಂತ ಆಮ್ಯಾಲ ನನಗ ನಾನ ಹೇಳಿಕೊಂಡೆ. ಆದ್ರ ತಣ್ಣೀರು ಹಾಕಿದ್ರೂ ಆ ಕಲಿ ಹೋಗತಿರಲಿಲ್ಲ. ಬಾಗಲ, ಕಿಡಕಿ ಮುಚ್ಚಿದ ಎಸಿ ಹಾಲಿನ್ಯಾಗ ಬಿಸಿಲ ಎಲ್ಲಿಂದ ಬರಬೇಕು? ಕೆಲಸದಿಂದ ತಗೀತಾರ ಅಂತ ಗೊತ್ತಿರಲಿಲ್ಲ ಅಂತ ಬರಿಯಾಕ ಹೊಂಟಿದ್ದೆ. ಅದೂ ಸುಳ್ಳ. ಗೊತ್ತಿತ್ತು.

ಆತ್ಯಾ, ನನಗ ನಾಚಿಕಿ ಬಂದೈತಿ. ಡಿಸೈನ್ ರೂಮಿನ್ಯಾಗ ಎಲ್ಲಾರೂ ನನಗ ಛಲೋ ಮಾತಾಡಸ್ತಾರ, ಅವರ ಮಾರಿ ನೋಡಿ ಮಾತಾಡಾಕ ಆಗವಲ್ದು. ಬೈದ್ರ ಬೈರಿ, ಆದ್ರ ಕಾಗದ ಬರೀರಿ.

ಛಾಯಾ


ಮಾಲಗಾಂವ
27 ಮಾರ್ಚ್ 2025

ಛಾಯಾ,

ಬೈಯೂದಿಲ್ಲ. ಬೈದ್ರ ನಿನಗ ಹಗರ ಆಗತೈತಿ, ಅದು ನನಗ ಬ್ಯಾಡ.

ನಾ ಮಿರಜಕ್ಕ ಹೋಗಿದ್ದೆ. ಸ್ಟೇಶನ್ ಹಿಂದಿನ ಓಣ್ಯಾಗ ಕೇಳಿ ಕೇಳಿ ಹೌಸಾಬಾಯಿ ಮನಿ ಹುಡುಕಿದೆ. ಅಕಿ ಅಕ್ಕಿ ಆರಿಸ್ಕೋತ ಕುಂತಿದ್ಳು. ನನ್ನ ನೋಡಿ ಗಡಬಡಿಸಿ ಎದ್ದು ಚಾಪಿ ಹಾಸಿದಳು. "ಬರ್ರಿ ಅಕ್ಕಾರ, ಕುಂದ್ರಿ" ಅಂದ್ಳು. ನಾ ನಿಂತ ಹೇಳಿದೆ. ಕಸಬರಿಗಿ ಅಲ್ಲ ಯವ್ವಾ, ತೊಳದು ಬಿಸಿಲಿಗಿ ಹಾಕತಿದ್ದೆ, ನಿನಗ ಸುಳ್ಳ ಹೇಳಿದೆ, ನಿನ್ನ ಕೈಯಾಗ ಏನೂ ತಪ್ಪಿಲ್ಲ ಅಂದೆ.

ಅಕಿ ಸಿಟ್ಟಿಗಿ ಬರಲಿಲ್ಲ. ಸಿಟ್ಟಿಗಿ ಬಂದಿದ್ರ ಛಲೋ ಆಗತಿತ್ತು. ಬಾಗಲ ತನಕ ಹೋಗಿ, ಹೊರಗ ನಿಂತಿದ್ದ ಗಂಡನ್ನ ಕರದು, "ಕೇಳ್ರಿ, ನನ್ನ ಕೈ ಕೆಟ್ಟಿರಲಿಲ್ಲಂತ" ಅಂದ್ಳು. ಎರಡು ತಿಂಗಳ ಆ ಹೆಣ್ಣಮಗಳು ತನ್ನ ಕೈ ಮ್ಯಾಲಿನ ನಂಬಿಗಿ ಕಳಕೊಂಡು ಕುಂತಿದ್ಳು. ಮನ್ಯಾಗ ಪಾತ್ರಿ ತೊಳದ್ರೂ ಸೊಸಿಗಿ ತೋರಿಸಿ, ಸ್ವಚ್ಛ ಆಗೈತೇನು ನೋಡು ಅಂತ ಕೇಳತಿದ್ಳಂತ.

ಆಮ್ಯಾಲ ಅಕಿ ಒಂದ ಮಾತ ಕೇಳಿದಳು. "ಆವತ್ತ ಬಂದ ಇಂಜಿನಿಯರ ಬಾಯಿಸಾಹೇಬರಿಗಿ ಇದು ಗೊತ್ತಿತ್ತೇನ್ರಿ?"

ನನಗ ಕೇಳಿಸ್ತು. ಸ್ಪಷ್ಟ ಕೇಳಿಸ್ತು. ಕಿವಿ ಮಂದ ಐತಿ ಅಂತ ಕೈ ಮಾಡಿ ತೋರಿಸಿದೆ. ಅಕಿ ಮತ್ತ ಕೂಗಿ ಕೇಳಿದಳು, ನಾ ಮತ್ತ ತಲಿ ಅಲ್ಲಾಡಿಸಿದೆ. ಅರವತ್ತಾರು ವರ್ಷದ ಹೆಣ್ಣಮಗಳು ನಾ, ಅಕಿ ಮನ್ಯಾಗ ನಿಂತು ಕಿವುಡಿ ನಾಟಕ ಮಾಡಿ ಬಂದೀನಿ. ಆ ಇಂಜಿನಿಯರ ನನ್ನ ತಮ್ಮನ ಮಗಳು ಅಂತನೂ ಹೇಳಲಿಲ್ಲ.

ನಂದು ನಾ ಹೇಳೀನಿ. ನಿಂದು ನಾ ಹೇಳೂದಿಲ್ಲ. ಅಕಿಗಿ ಏನ ಉತ್ತರ ಕೊಡ್ಲಿ, ನೀ ಬರದು ಕಳಸು.

ಮಾಯವ್ವ


ಸಿಲ್ವಾಸಾ
13 ಏಪ್ರಿಲ್ 2025

ಹೌಸಾಬಾಯಿ ಧರೆಪ್ಪ ಅವರಿಗಿ,

ನಾ ಛಾಯಾ. ಫೆಬ್ರುವರಿಯಾಗ ಸಭಾಗೃಹಕ್ಕ ಬಂದು ನಿಮಗ ಮರಾಠಿಯಾಗ ಪುಡಿ ಯಾವುದು ಅಂತ ಕೇಳಿದಾಕಿ. ಮಾಲಗಾಂವದ ಮಾಯವ್ವ ನನ್ನ ಅಪ್ಪನ ಅಕ್ಕ. ನಿಮಗ ಓದಾಕ ಬರೂದಿಲ್ಲ ಅಂತ ಕೇಳೀನಿ, ಅವರ ಇದನ್ನ ಓದಿ ಹೇಳ್ತಾರ.

ನೀವು ಕೇಳಿದ್ದಕ್ಕ ಉತ್ತರ: ಹೌದು, ನನಗ ಗೊತ್ತಿತ್ತು. ಅಕ್ಟೋಬರದಿಂದ ಗೊತ್ತಿತ್ತು. ಕಲಿ ಹತ್ತಿದ್ದು ನಿಮ್ಮ ಕೈಯಿಂದ ಅಲ್ಲ, ನಾ ಮಾಡಿದ ಎಳಿ ಹಳದಿ ತಡಿಯೂ ಎಳೀನ ಅಲ್ಲ ಅನ್ನೂದು ಗೊತ್ತಿದ್ದು, ತಪ್ಪ ನಿಮ್ಮದು ಅಂತ ಬರದೆ. ನನ್ನ ಕೆಲಸ ಉಳೀಲಿ ಅಂತ ಬರದೆ. ನೀವು ಕಸಾ ಹೊಡಿಯೂ ಮಂದಿ, ಬ್ಯಾರೆ ಕಡೆ ಕೆಲಸ ಸಿಗತೈತಿ ಅಂತ ಮನಸ್ಸಿನ್ಯಾಗ ಅಂದುಕೊಂಡೆ. ಹಂಗ ಅಂದುಕೊಂಡಿದ್ದು ಖರೆ.

ಮರಾಠಿಯಾಗ ಇದನ್ನ ಬರದು, ಸಹಿ ಮಾಡಿ, ಸಂಸ್ಥಾದವರಿಗಿ, ಗುತ್ತಿಗೆದಾರಗ, ನಮ್ಮ ಸಾಹೇಬರಿಗಿ ಮೂರು ಪ್ರತಿ ಕಳಿಸೀನಿ. ಒಂದು ಪ್ರತಿ ಇದರ ಜೋಡಿ ಐತಿ, ನಿಮ್ಮ ಹಂತ್ಯಾಕ ಇರ್ಲಿ. ಮಾಲಗಾಂವದ ಪರೀಕ್ಷಾ ಕೆಟ್ಟಿದ್ದು, ಅದು ಕೆಡೂವಂಗ ಮೊದಲ ನೇಮ ಮುರದಾಕಿ ನಾನು ಅನ್ನೂದೂ ಅದರಾಗ ಐತಿ. ನಮ್ಮ ಸಾಹೇಬರು ಓದಿ, "ಇಷ್ಟು ತಿಂಗಳ ಸುಮ್ಮಿದ್ದು ಈಗ್ಯಾಕ ಬಂದ್ರಿ?" ಅಂದ್ರು. ಜಾಹೀರಾತು ತಗದಾರ. ನನ್ನನ್ನ ಡಿಸೈನ್ ರೂಮಿನಿಂದ ತಗದಾರ, ಮುಂದ ಏನು ಅನ್ನೂದು ಇನ್ನ ಗೊತ್ತಿಲ್ಲ. ನಿಮ್ಮನ್ನ ಮತ್ತ ಕೆಲಸಕ್ಕ ಕರೀರಿ ಅಂತ ಸಂಸ್ಥಾದವರಿಗಿ ಕೇಳೀನಿ, ವಿಚಾರ ಮಾಡ್ತೀವಿ ಅಂದಾರ.

ಕ್ಷಮಾ ಕೇಳಾಕ ನನಗ ಬಾಯಿಲ್ಲ.

ಛಾಯಾ ಗುರಲಿಂಗ


ಮಾಲಗಾಂವ
24 ಏಪ್ರಿಲ್ 2025

ಛಾಯವ್ವಾ,

ನಿನ್ನ ಕಾಗದ ಓದಿ ಹೇಳಿ ಬಂದೀನಿ.

ಧರೆಪ್ಪ, ಸೊಸಿ, ಬಾಜೂ ಮನ್ಯಾವ್ರ ಇಬ್ಬರು, ಎಲ್ಲಾರೂ ಕುಂತಿದ್ರು. ಅವರನ್ನ ಹೊರಗ ಕಳಸಲೇನು ಅಂತ ಕೇಳಿದ್ದಕ್ಕ ಹೌಸಾಬಾಯಿ ಬ್ಯಾಡಂದ್ಳು. "ನನ್ನ ಕೆಲಸ ಹೋದಾಗ ಎಲ್ಲಾರೂ ಕೇಳ್ಯಾರ, ಇದನ್ನೂ ಕೇಳ್ಲಿ" ಅಂದ್ಳು. ಓದಿದೆ. "ಹೌದು, ನನಗ ಗೊತ್ತಿತ್ತು" ಅನ್ನೂದು ಬಂದಾಗ ತಡೀರಿ ಅಂದ್ಳು. ಅದೊಂದ ಮಾತು ಮೂರು ಸಲ ಓದಿಸಿದಳು. ಕಸಾ ಹೊಡಿಯೂ ಮಂದಿ ಅಂತ ನೀ ಬರದಿದ್ದು ಆಮ್ಯಾಲ ಬಂತು. ಅದನ್ನ ಬಿಟ್ಟು ಮುಂದ ಓದಿದ್ರ ಯಾರಿಗೂ ತಿಳೀತಿರಲಿಲ್ಲ. ಬಿಡಲಿಲ್ಲ, ಓದಿದೆ. ಧರೆಪ್ಪ ಎದ್ದು ಹೊರಗ ಹೋದ.

ಹೌಸಾಬಾಯಿ ಪೂರಾ ಕೇಳಿದಳು. ಮರಾಠಿ ಪ್ರತಿ ಸೊಸಿ ಕೈಯಾಗ ಕೊಟ್ಟು ಟ್ರಂಕಿನ್ಯಾಗ ಇಡಸಿದಳು. ನೀ ನನ್ನ ಸ್ವಂತ ಮಂದಿ ಅಂತ ತಿಳದು ನನ್ನ ಮ್ಯಾಲೂ ಸಿಟ್ಟಾತು ಅಂತ ಕಾಣತೈತಿ, ಈ ಸಲ ಚಹಾ ಕೇಳಲಿಲ್ಲ. ಕೇಳದಿದ್ದದ್ದ ಬರೋಬ್ಬರಿ. ಸಂಸ್ಥಾದವರು ಇನ್ನ ಕರದಿಲ್ಲ. ಕರದ್ರೂ ಹೋಗಬೇಕೋ ಬ್ಯಾಡೋ ಅಂತ ಅಕಿ ಹೇಳಲಿಲ್ಲ.

ನಾ ಏಳಾಕತ್ತಿದ್ದೆ. ಆವಾಗ ಅಂದ್ಳು: "ಅಕ್ಕಾರ, ಕಾಗದ ಬಂತು, ಇರ್ಲಿ. ಆವತ್ತ ಹಾಲಿನ್ಯಾಗ ಆ ಬಾಯಿಸಾಹೇಬರು ಸತರಂಜಿ ನೋಡಿದ್ರು. ಪುಡಿ ಪುಡಕಿ ನೋಡಿದ್ರು. ನನ್ನ ಕೈ ಹೊಳ್ಳಿಸಿ ನೋಡಿದ್ರು. ನನ್ನ ಮಾರಿ ಒಂದು ನೋಡಲಿಲ್ಲ. ಇಲ್ಲಿ ಬಂದು ನೋಡಾಕ ಹೇಳ್ರಿ."

ಬರ್ತಾಳ ಅಂತ ನಾ ಹೇಳಿ ಬಂದೀನಿ. ಭಾನುವಾರ ಮುಂಜಾನೆ ಅಕಿ ಮನ್ಯಾಗ ಇರ್ತಾಳ.

ನಿನ್ನ ಆತ್ಯಾ,
ಮಾಯವ್ವ